ನೀಲಿ ನೂಲಿನ ಮನೆ

ಬುಧವಾರ ನಮ್ಮ ಬೀದಿಯ ಸರದಿ. ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಉಳಿದುಕೊಂಡವರಿಗೆ ಮಧ್ಯಾಹ್ನದ ಊಟಕ್ಕೆಂದು ಮನೆಗೆ ಐದರಂತೆ ಪೊಟ್ಟಣ ಕಟ್ಟಿಡಬೇಕು. ನಿವೃತ್ತ ಟೀಚರೊಬ್ಬರು ಗೇಟಿನ ಹತ್ತಿರ ಬಂದು ದೊಡ್ಡ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ, ಯಾರ ಪೊಟ್ಟಣ ಹೇಗಿದೆ ಎಂದು ನೋಡುವವರಲ್ಲ. ಅವರ ನಿಯಮ ಒಂದೇ: ಬೇರೆ ಅಡುಗೆ ಮಾಡಬೇಡಿ, ನೀವು ಉಣ್ಣುವುದನ್ನೇ ಕಟ್ಟಿ, ಎರಡು ಮುಷ್ಟಿ ಅಕ್ಕಿ ಹೆಚ್ಚು ಹಾಕಿದರಾಯಿತು.

ನಾನು ಬೇರೆ ಅಡುಗೆಯನ್ನೇ ಮಾಡುತ್ತಿದ್ದೆ. ಬುಧವಾರ ನಮ್ಮಲ್ಲಿ ಮೀನು. ಒಂದು ಒಲೆಯಲ್ಲಿ ಬಂಗುಡೆ ಪುಳಿಮುಂಚಿ ಕುದಿಯುವಾಗ ಪಕ್ಕದ ಒಲೆಯಲ್ಲಿ ಆ ಐದು ಪೊಟ್ಟಣಕ್ಕೆಂದೇ ನೀರು ನೀರಾದ ಸಾರು. ಹಿಂದಿನ ದಿನದ ಅನ್ನವನ್ನು ಬಿಸಿ ಮಾಡಿ ಬಾಳೆಲೆಗೆ ಹಾಕಿ, ಸಾರನ್ನು ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ, ಬದಿಗೆ ಒಂದಿಷ್ಟು ಉಪ್ಪಿನಕಾಯಿ. ಕಡಿಮೆ ಕೊಡುವುದಕ್ಕೋಸ್ಕರ ಹೆಚ್ಚು ಕೆಲಸ ಮಾಡಿದವಳು ಮಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಆಸ್ಪತ್ರೆಯಲ್ಲಿ ಮೀನು ಒಗ್ಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಉಣ್ಣುವವರು ರೋಗಿಗಳಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು.

ನಾವೇನು ಇಲ್ಲದವರಲ್ಲ. ಗಂಡನಿಗೆ ಬೈಕಂಪಾಡಿಯಲ್ಲಿ ಹೋಟೆಲು ಉಂಟು. ಕಾರ್ಖಾನೆಯ ಜನರಿಗೆ ಕೈತುಂಬ ಬಡಿಸಿಯೇ ಹೆಸರು ಮಾಡಿದವರು. ನಾನು ಪೊಟ್ಟಣ ಕಟ್ಟುತ್ತಿದ್ದ ನೀಲಿ ನೂಲಿನ ಉಂಡೆಯೂ ಹೋಟೆಲಿನದ್ದೇ. ಬೀದಿಯ ಉಳಿದವರೆಲ್ಲ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ನಾನು ಎಷ್ಟು ಜನರನ್ನು ಆಡಿಕೊಂಡಿದ್ದೇನೋ ಲೆಕ್ಕವಿಲ್ಲ.

ಒಂದು ಬುಧವಾರ ಟೀಚರಿಗೆ ಮಂಡಿನೋವು. ಕಾರು ಇರುವವಳು ನೀನೇ, ಹಂಚಿ ಬಾ ಎಂದರು. ಹೋದೆ. ಒಳ್ಳೆಯ ಕಾಟನ್ ಸೀರೆ ಉಟ್ಟುಕೊಂಡೇ ಹೋದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಜನ ಸಾಲಾಗಿ ಕೂತಿದ್ದರು. ಚೀಲಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಕೊಡುತ್ತಾ ಹೋದೆ. ಒಬ್ಬಳು ಹುಡುಗಿ ನೀಲಿ ನೂಲು ಕಂಡದ್ದೇ, ಬೇರೆ ಪೊಟ್ಟಣ ಕೊಡುತ್ತೀರಾ ಎಂದು ಮೆಲ್ಲಗೆ ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಧರ್ಮಕ್ಕೆ ಸಿಗುವ ಊಟದಲ್ಲಿ ಆರಿಸುವುದೆಂತದ್ದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ನಡುವಯಸ್ಸಿನ ಹೆಂಗಸೊಬ್ಬಳು, ಅದನ್ನು ನನಗೆ ಕೊಡಿ ಅಕ್ಕ ಎಂದು ಕೈ ಚಾಚಿದಳು. ಬಂಟ್ವಾಳದ ಒಳಗಿನ ಯಾವುದೋ ಹಳ್ಳಿಯವಳು. ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಮುರಿದ ಗಂಡನ ಜೊತೆ ವಾರಗಟ್ಟಲೆಯಿಂದ ಅಲ್ಲೇ ಇದ್ದಳು. ಪ್ರತಿ ಸಲ ನೀಲಿ ನೂಲಿನದ್ದನ್ನೇ ತೆಗೆದುಕೊಳ್ಳುತ್ತಾಳಂತೆ. ಯಾಕೆ ಎಂದು ಕೇಳಿದೆ. ಹೊಗಳಿಕೆ ಬಂದೀತೆಂಬ ಆಸೆ ಇತ್ತೋ ಏನೋ.

"ನಾನು ಬೀಡಿ ಕಟ್ಟುವವಳು ಅಕ್ಕ, ನನಗೆ ಮೊದಲು ಕಾಣುವುದೇ ನೂಲು," ಎಂದಳು. "ಇದೆಲ್ಲ ಒಂದೇ ಮನೆಯದ್ದು. ಪಾಪ, ಅಲ್ಲಿ ತುಂಬ ಕಷ್ಟ ಉಂಟು ಅಂತ ಕಾಣ್ತದೆ. ಸಾರಿನಲ್ಲಿ ಬೇಳೆಯೇ ಇರುವುದಿಲ್ಲ, ಅನ್ನ ನಿನ್ನೆಯದ್ದು. ಆದರೂ ಒಂದು ವಾರ ತಪ್ಪಿಸುವುದಿಲ್ಲ. ಇಲ್ಲದವರು ಕೊಟ್ಟದ್ದನ್ನು ಬಿಸಾಡಿದರೆ ನಮಗೆ ಒಳ್ಳೆಯದಾಗ್ತದಾ?"

ಭೂಮಿ ಬಾಯಿ ಬಿಡಬಾರದೇ ಎನ್ನುವ ಮಾತನ್ನು ಅದುವರೆಗೆ ಸುಮ್ಮನೆ ಬಳಸುತ್ತಿದ್ದೆ. ಅದು ನನ್ನ ಮನೆ ಎಂದು ಹೇಳಲು ಆಗಲೇ ಇಲ್ಲ. ಕೈಯಲ್ಲಿ ಎರಡು ಬಂಗಾರದ ಬಳೆಗಳಿದ್ದವು, ಸೆರಗಿನೊಳಗೆ ಎಳೆದುಕೊಂಡೆ. ಅವಳು ಎದ್ದುಹೋಗಿ ತನ್ನ ಗಂಟಿನಿಂದ ಹಲಸಿನ ಹಪ್ಪಳದ ಒಂದು ಕಟ್ಟು ತಂದಳು. ಮನೆಯಲ್ಲೇ ಮಾಡಿದ್ದು, ಬೀಡಿಯ ನೂಲಿನಿಂದ ಕಟ್ಟಿದ್ದು.

"ಆ ಮನೆಯವರಿಗೆ ಕೊಡಿ. ಗಂಜಿಗೆ ಸುಟ್ಟುಕೊಳ್ಳಲಿಕ್ಕೆ ಆಗ್ತದೆ. ಆಗದಿದ್ದರೆ ಕಳಿಸುವುದು ಬೇಡ ಅಂತ ಹೇಳಿ, ದೇವರು ಬೇಸರ ಮಾಡುವುದಿಲ್ಲ."

ಹೇಳ್ತೇನೆ ಎಂದು ತೆಗೆದುಕೊಂಡೆ. ಬೇಡ ಎನ್ನುವಷ್ಟು ಧೈರ್ಯವೂ ಬರಲಿಲ್ಲ. ಆ ಹಪ್ಪಳ ಗಂಡನ ಕಣ್ಣಿಗೆ ಬಿತ್ತು. ಹುರಿಸಿಕೊಂಡು ತಿಂದವರು, ಎಲ್ಲಿಯದ್ದು ಇದು, ಹೋಟೆಲಿಗೂ ತರಿಸಬಹುದಲ್ಲ ಎಂದರು. ಮಾರ್ಕೆಟಿನದ್ದು ಎಂದೆ. ನಾನು ಒಂದು ಚೂರೂ ಮುಟ್ಟಲಿಲ್ಲ.

ಮುಂದಿನ ಬುಧವಾರದಿಂದ ಬೇರೆ ಅಡುಗೆ ನಿಂತಿತು. ಬಿಸಿ ಕುಚ್ಚಲಕ್ಕಿ ಅನ್ನ, ಪಲ್ಯ, ಹುರಿದ ಬಂಗುಡೆ. ಎಲ್ಲ ಸರಿಯಾಗಿ ಕಟ್ಟಿ, ಕೊನೆಗೆ ನೀಲಿ ನೂಲಿನ ಉಂಡೆಗೆ ಕೈ ಹಾಕಿದವಳು ಹಿಂದೆ ತೆಗೆದೆ. ಅದೇ ನೂಲು ಹಾಕಿದರೆ ಟೀಚರಿಗೆ ಎಂದಾದರೂ ಗೊತ್ತಾದೀತು, ಬೀದಿಗೆಲ್ಲ ಗೊತ್ತಾದೀತು. ಎಲ್ಲರಂತೆ ರಬ್ಬರ್ ಬ್ಯಾಂಡ್ ಹಾಕಿದೆ. ಒಳಗಿನದ್ದು ಸರಿಯಾಯಿತಲ್ಲ, ಇನ್ನೇನು ಎಂದುಕೊಂಡೆ.

ಟೀಚರಿಗೆ ಮರುವಾರವೇ ಮಂಡಿನೋವು ವಾಸಿಯಾಗಿತ್ತು. ಎರಡು ವಾರ ಕಳೆದು ಎಂದಿನಂತೆ ಗೇಟಿನಲ್ಲಿ ಚೀಲ ಹಿಡಿದು ನಿಂತಿದ್ದರು. ಪೊಟ್ಟಣ ಹಾಕಿಕೊಳ್ಳುತ್ತಾ ಕೇಳಿದರು:

"ನೀಲಿ ನೂಲಿನ ಮನೆ ಯಾವುದು ಮಾರಾಯ್ತಿ? ಆಸ್ಪತ್ರೆಯಲ್ಲಿ ಬೀಡಿ ಕಟ್ಟುವವಳೊಬ್ಬಳು ನನ್ನ ಕೈ ಬಿಡುವುದಿಲ್ಲ. ಅವರ ಊಟ ಬರುವುದು ನಿಂತಿದೆ, ಆ ಮನೆಯಲ್ಲಿ ಎಂತಾದರೂ ಆಯ್ತಾ, ಹೋಗಿ ನೋಡಿ ಬನ್ನಿ ಅಂತ ಅಳ್ತಾಳೆ."

ಗೊತ್ತಿಲ್ಲ ಟೀಚರ್ ಎಂದೆ. ಅವರು ಚೀಲ ಹೆಗಲಿಗೇರಿಸಿ ಪಕ್ಕದ ಮನೆಯ ಬೆಲ್ ಒತ್ತಿದರು. ಅಲ್ಲೂ ಅದನ್ನೇ ಕೇಳಿದರು, ಅದರಾಚೆಯ ಮನೆಯಲ್ಲೂ. ಬೀದಿಯ ಕೊನೆಯ ಗೇಟಿನವರೆಗೆ ಆ ಪ್ರಶ್ನೆ ನನಗೆ ಕೇಳಿಸುತ್ತಲೇ ಇತ್ತು.