ಅಕ್ಕೋರ ಲವಂಗ

ಅದು ೨೦೧೪ನೆಯ ಇಸವಿ. ನನಗೆ ಆಗ ನಲವತ್ತು ವರ್ಷ. ಮೊನ್ನೆ ಕಾಲೇಜಿನ ಸಂದರ್ಶನ ಕೊಠಡಿಯಲ್ಲಿ ಲವಂಗದ ವಾಸನೆ ಬಂದಾಗ ಆ ವರ್ಷವೇ ಎದುರಿಗೆ ಬಂದು ನಿಂತಿತು...

ಹದಿನಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ಬಳಿಕ ನಾನು ಹೊನ್ನಾವರದ ಎಂ.ಬಿ.ಎ. ಕಾಲೇಜೊಂದಕ್ಕೆ ವ್ಯವಹಾರ ಪತ್ರಲೇಖನ ಕಲಿಸಲು ಸೇರಿದ್ದೆ. ಪಕ್ಕದ ಮೇಜು ಹಣಕಾಸು ಕಲಿಸುವ ಅಧ್ಯಾಪಕಿಯದು. ಕುಮಟಾದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಅವರನ್ನು ಎಲ್ಲರೂ ‘ಅಕ್ಕೋರು’ ಎಂದೇ ಕರೆಯುತ್ತಿದ್ದರು. ಪಾಠ ಹೇಳಿ ಹೇಳಿ ಗಂಟಲು ಕೆಟ್ಟಿದ್ದರಿಂದ ಅವರ ಚೀಲದಲ್ಲಿ ಲವಂಗದ ಡಬ್ಬಿ ಸದಾ ಇರುತ್ತಿತ್ತು.

ಉದ್ಯೋಗ ಸಂದರ್ಶನದ ದಿನ ವಿದ್ಯಾರ್ಥಿಗಳ ಅಂಗೈಗೆ ಒಂದೊಂದು ಲವಂಗ ಹಾಕುತ್ತಿದ್ದರು.

“ಜಗಿಯೂದಲ್ಲ, ದವಡೆಲಿ ಇಟ್ಕಣಿ. ಕೇಳೂದು ಕೇಳಿ ಬಾಯಿ ಮುಚ್ಕಂಡು ಕೂತ್ಕಣಿ. ಸಂಬಳದ ಮಾತು ಅವರ ಬಾಯಿಂದ್ಲೇ ಮೊದ್ಲು ಬರ್ಲಿ.”

“ಖಾರ ಆದ್ರೆ ಎಂತ ಮಾಡೂದು ಅಕ್ಕೋರೆ?” ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

“ಆದ್ರೆ ಆತು. ತಿಂಗಳ ಕೊನೆಗೆ ಆಗೂ ಖಾರಕ್ಕಿಂತ ಇದು ತಂಪು.”

ಆ ವರ್ಷ ಭಟ್ಕಳದ ಕಡೆಯ ತೆಂಗಿನಗುಂಡಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳನ್ನು ವಿಮೆ ಮಾರುವ ಸಂಸ್ಥೆಯೊಂದು ಕೊನೆಯ ಸುತ್ತಿನ ಸಂದರ್ಶನಕ್ಕೆ ಆರಿಸಿತು. ಬೋಟಿನಲ್ಲಿ ದುಡಿಯುತ್ತಿದ್ದ ಅವಳ ತಂದೆ ಬೆನ್ನುನೋವಿನಿಂದ ಆ ಹಂಗಾಮಿನಲ್ಲಿ ಕಡಲಿಗೆ ಇಳಿದಿರಲಿಲ್ಲ; ಮನೆಯವರು ಅವಳ ದುಡಿಮೆಯನ್ನೇ ಕಾಯುತ್ತಿದ್ದರು. ಆ ಕೆಲಸಕ್ಕೆ ನಿಗದಿತ ಸಂಬಳವಿರಲಿಲ್ಲ, ಮಾರಿದಷ್ಟಕ್ಕೆ ಕಮಿಷನ್ ಮಾತ್ರ. ಅವಳಿಗೆ ಇದರಲ್ಲಿ ಕೊರತೆಯೇನೂ ಕಾಣಲಿಲ್ಲ.

“ನಮ್ಮ ಅಪ್ಪಂಗೂ ಸಂಬಳ ಇಲ್ಲ ಅಕ್ಕೋರೆ. ಮೀನು ಬಂದಷ್ಟು ಪಾಲು. ಇದೂ ಹಂಗೇ ಅಲ್ದಾ?”

“ಮೀನು ಸಿಗದ ದಿನ ಡೀಸೆಲ್ ಖರ್ಚು ಯಾರ್ದು?”

“ಬೋಟಿನ ಯಜಮಾನರ್ದು.”

“ಪಾಲಿಸಿ ಮಾರೂಕೆ ನೀನು ಊರೂರು ತಿರುಗ್ಬೇಕು. ಒಂದೂ ಹೋಗ್ಲಿಲ್ಲ ಅಂದ್ರೆ ಬಸ್ಸಿನ ದುಡ್ಡು ಯಾರ್ದು?”

ಅಕ್ಕೋರು ಡಬ್ಬಿ ತೆರೆದು ಅವಳ ಅಂಗೈಗೆ ಒಂದು ಲವಂಗ ಹಾಕಿದರು.

“ಮೊದ್ಲ ಆರು ತಿಂಗಳು ಎಂತಾದ್ರೂ ಖಾಯಂ ಕೊಡ್ತರಾ ಕೇಳು. ಕೇಳಿ, ಲವಂಗ ಇಟ್ಕಂಡು ಕೂತ್ಕ.”

ಸಂದರ್ಶನದಲ್ಲಿ ಅವಳು ಕೇಳಿದಳು, ಕೇಳಿ ಸುಮ್ಮನೆ ಕುಳಿತಳು. ಎದುರಿನವರು ಅವಳ ಅರ್ಜಿಯನ್ನು ಪಕ್ಕಕ್ಕಿಟ್ಟರು. ಆಮೇಲೆ ಮುಂದಿನ ಅಭ್ಯರ್ಥಿಯನ್ನು ಕರೆದರು. ಕೆಲಸ ಅವನಿಗೆ ಹೋಯಿತು.

ಹೊರಗೆ ಬಂದವಳು ಬಾಯಿಂದ ಲವಂಗ ತೆಗೆದು ಅಕ್ಕೋರ ಮೇಜಿನ ಮೇಲಿಟ್ಟಳು. “ನಿಮಗೆ ತಿಂಗಳು ತಿಂಗಳು ಸಂಬಳ ಬರ್ತದೆ. ನಿಮಗೆ ಹೇಳೂದು ಸುಲಭ,” ಎಂದಳು. ಪರೀಕ್ಷೆ ಮುಗಿದ ಮೇಲೆ ಅವಳನ್ನು ನಾವು ಕಾಣಲಿಲ್ಲ.

ಅಕ್ಕೋರು ಆ ದಿನದಿಂದ ಲವಂಗ ಹಂಚಲಿಲ್ಲ. ನಿವೃತ್ತರಾದ ಮೇಲೂ, ಕುಮಟಾದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಕುಶಲ ವಿಚಾರಿಸುವ ಮೊದಲೇ ಕೇಳುತ್ತಿದ್ದರು: “ಆ ಹುಡ್ಗಿ ಸುದ್ದಿ ಎಂತಾದ್ರೂ ಗೊತ್ತಾತಾ ಮಾಸ್ತರೆ? ಅವಳ ಅನ್ನ ನಾ ತಪ್ಸಿದ್ನಾ?” ನನಗೆ ಗೊತ್ತಿರಲಿಲ್ಲ. ಅವಳ ಫೋನ್ ಸಂಖ್ಯೆ ಬದಲಾಗಿತ್ತು. ಗೋವೆಯ ಕಡೆ ಇದ್ದಾಳೆಂದು ಯಾರೋ ಅಂದಿದ್ದರು, ಅಷ್ಟೆ... ಎರಡು ವರ್ಷಗಳ ಹಿಂದೆ ಅಕ್ಕೋರು ತೀರಿಕೊಂಡರು.

ಮೊನ್ನೆ ಮೀನು ರಫ್ತು ಮಾಡುವ ಸಂಸ್ಥೆಯೊಂದರ ಪರವಾಗಿ ಸಂದರ್ಶನಕ್ಕೆ ಬಂದ ಅಧಿಕಾರಿಣಿ, ಯಾರೂ ಕೇಳುವ ಮೊದಲೇ, ಮಾರಾಟವಾಗಲಿ ಬಿಡಲಿ ಕೈಗೆ ಬರುವ ಸಂಬಳ ಎಷ್ಟೆಂದು ವಿದ್ಯಾರ್ಥಿಗಳಿಗೆ ತಿಳಿಸಿದರು. ಓಡಾಟದ ಖರ್ಚು ಸಂಸ್ಥೆಯದೇ ಎಂದೂ ಸೇರಿಸಿದರು. ಆಮೇಲೆ ಚೀಲದಿಂದ ಡಬ್ಬಿಯೊಂದನ್ನು ತೆಗೆದು, ಮುಚ್ಚಳ ಸರಿಸಿ ನನ್ನ ಮುಂದಿಟ್ಟರು. ವಾಸನೆ ಬಂದ ಮೇಲೆಯೇ ನನಗೆ ಗುರುತು ಸಿಕ್ಕಿದ್ದು: ತೆಂಗಿನಗುಂಡಿಯ ಅದೇ ಹುಡುಗಿ.

“ಅಕ್ಕೋರ ಮನೆ ಕುಮಟಾದಲ್ಲೇ ಅಲ್ದಾ ಮಾಸ್ತರೆ? ಸಂಜೆ ಹೋಗ್ವಾ ಅಂತ ಮಾಡಿದ್ದೆ.”

ಅಕ್ಕೋರು ತೀರಿಕೊಂಡದ್ದನ್ನು ನಾನು ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಮುಚ್ಚಿದಳು.

“ಆ ಕೆಲ್ಸಕ್ಕೆ ಹೋದವ ಬಸ್ಸಿನ ದುಡ್ಡನ್ನೂ ಮನೇಲೇ ಕೇಳ್ತಿದ್ನಂತೆ. ನಂಗೆ ಆಮೇಲೆ ಗೊತ್ತಾತು. ನಂಗೂ ಒಂದು ವರ್ಷ ಕೆಲ್ಸ ಇಲ್ಲಾಗಿತ್ತು, ಸುಳ್ಳು ಹೇಳೂದಿಲ್ಲ, ಸಿಟ್ಟೂ ಇತ್ತು. ಆದ್ರೆ ಕಡೆಗೆ ಸಿಕ್ಕಿದ್ದು ಖಾಯಂ ಸಂಬಳದ್ದು, ನಾನೇ ಕೇಳಿ ತಕಂಡದ್ದು. ಅದನ್ನೇ ಹೇಳೂಕೆ ಬಂದಿದ್ದೆ...”

ಡಬ್ಬಿ ಈಗ ನನ್ನ ಪಕ್ಕದ ಮೇಜಿನ ಮೇಲಿದೆ. ಅಲ್ಲಿ ಬೇರೆಯವರು ಕುಳಿತುಕೊಳ್ಳುತ್ತಾರೆ. ಅಕ್ಕೋರು ಅಷ್ಟು ವರ್ಷ ಕೇಳಿದ ಪ್ರಶ್ನೆಗೆ, ಅವರಿಲ್ಲದ ಕೋಣೆಯಲ್ಲಿ, ಉತ್ತರ ದೊರೆತದ್ದು ೨೦೨೫ರ ಫೆಬ್ರವರಿ ೨೧ರಂದು, ಶುಕ್ರವಾರ.