ಮುಷ್ಟಿಯೊಳಗಿನ ರೊಟ್ಟಿ ಚೂರು

ಇವತ್ತು ಬೆಳಿಗ್ಗೆ ಫೋನಿನಲ್ಲಿ ಮಾತಿಗೆ ನಿಂತು ರಾಗಿ ರೊಟ್ಟಿ ಸೀದುಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಡೆಯಾಚೆಯ ಅತ್ತೆ ನೆನಪಾದರು. ಸ್ವಂತ ಅತ್ತೆಯಲ್ಲ. ಕಾಡಂಚಿನ ಈ ತಿಗನಾರೆಗೆ ಸೊಸೆಯಾಗಿ ಬಂದಾಗಿನಿಂದ ಪಕ್ಕದ ಮನೆಯ ಆ ಹಿರಿಯ ಹೆಂಗಸನ್ನು ಹಾಗೇ ಕರೆಯುತ್ತಿದ್ದೆ. ಸೀದ ರೊಟ್ಟಿಯನ್ನು ಅವರು ಯಾವತ್ತೂ ಬಿಸಾಡಿದವರಲ್ಲ. ಚೂರು ಮಾಡಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು, ನಾಯಿಗೆ ಅಂತ.

ನಮ್ಮ ಕರಿಯ ಆಗ ಎಳೇ ನಾಯಿ, ಶುದ್ಧ ಪೋಕರಿ. ಕಂಡದ್ದಕ್ಕೆಲ್ಲ ನುಗ್ಗುತ್ತಿತ್ತು, ಕರೆದರೆ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ. ಒಂದು ಸಂಜೆ ಜೋಳದ ಹೊಲಕ್ಕೆ ಬಂದ ಆನೆಗೆ ಬೊಗಳಿ ಕೆಣಕಿತು. ಆನೆ ತಿರುಗಿ ಬಿದ್ದ ಕೂಡಲೇ ಬಾಲ ಮುದುರಿಕೊಂಡು ಓಡಿ ಬಂದದ್ದೆಲ್ಲಿಗೆ? ನಮ್ಮ ಯಜಮಾನರ ಕಾಲ ಬುಡಕ್ಕೆ! ಅವರು ಪಂಪ್ ಶೆಡ್ಡಿಗೆ ನುಗ್ಗಿ ಜೀವ ಉಳಿಸಿಕೊಂಡರು. ಇನ್ನೊಂದು ಸಲ ಹೀಗಾದರೆ ಇದನ್ನು ಕಾಡೊಳಗಿನ ದಿಂಬಂ ಘಾಟಿಯ ಟೀ ಅಂಗಡಿ ಹತ್ತಿರ ಬಿಟ್ಟು ಬರುತ್ತೇನೆ ಅಂದರು. ಅಲ್ಲಿ ಬಿಟ್ಟ ನಾಯಿ ಚಿರತೆ ಪಾಲು ಅಂತ ಯಾರಿಗೆ ಗೊತ್ತಿಲ್ಲ? ನನಗೆ ಅನ್ನ ಇಳಿಯಲಿಲ್ಲ.

ಹೋಗಿ ಅತ್ತೆಯ ಮುಂದೆ ಕಣ್ಣೀರಿಟ್ಟೆ. ಅವರು ನಾಯಿಯನ್ನು ಬಿಟ್ಟು ನನ್ನನ್ನೇ ಬೈದರು.

"ದಿನವೆಲ್ಲ ಕರಿಯಾ ಕರಿಯಾ ಅಂತೀಯ, ಅದ್ರ ಎಸ್ರೇ ಸವ್ದೋಗದೆ ಕಣವ್ವ. ಒಂದೇ ಸಲ ಕರಿ."

ಜಗಲಿ ಮೇಲೆ ಕೂರಿಸಿ, ನನ್ನ ಮುಷ್ಟಿಯೊಳಗೆ ರೊಟ್ಟಿ ಚೂರು ಇಟ್ಟರು. ಕರಿಯ ಮುಷ್ಟಿಯನ್ನು ನೆಕ್ಕಿತು, ಕೆರೆಯಿತು, ಕುಂಯ್‌ಗುಟ್ಟಿತು. ನಾನು ಮಾತಾಡುವ ಹಾಗಿಲ್ಲ. ಸೋತು ಸುಣ್ಣವಾಗಿ ಅದು ಕತ್ತೆತ್ತಿ ನನ್ನ ಮುಖ ನೋಡಿದಾಗ ಮಾತ್ರ 'ಸೈ' ಅಂದು ಕೈ ಬಿಚ್ಚಬೇಕು. ಅತ್ತೆಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಅದಕ್ಕೇ ಪಕ್ಕದಲ್ಲಿ ಕೂತು ಕೇಳುತ್ತಲೇ ಇರುತ್ತಿದ್ದರು, "ನೋಡ್ತಾ ಅದಾ?" ಮೊದಲು ಜಗಲಿ, ಆಮೇಲೆ ಕೋಳಿ ಓಡಾಡುವ ಬೀದಿ, ಆಮೇಲೆ ದನ ಮನೆಗೆ ಬರುವ ದಾರಿ... ತಿಂಗಳುಗಟ್ಟಲೆ ಇದೇ ಕೆಲಸ. ಯಜಮಾನರು ನಗುತ್ತಿದ್ದರು. ನನಗೂ ಎಷ್ಟೋ ಸಲ ರೇಗಿಹೋಗುತ್ತಿತ್ತು.

ರಾಗಿ ಕೊಯ್ಲಿಗೆ ಮುಂಚೆ ಒಂದು ಸಂಜೆ ನಾನೂ ಅತ್ತೆಯೂ ಹೊಲದಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದೆವು. ಬೇಲಿಯಾಚೆ ಕೊಂಬೆ ಮುರಿದ ಸದ್ದು. ತಲೆಯೆತ್ತಿದರೆ ಆನೆ! ಕರಿಯನ ಬೆನ್ನಿನ ಕೂದಲು ನಿಂತಿತು. ಬೇಲಿಯ ಕಡೆಗೆ ನೆಗೆದೇಬಿಟ್ಟಿತು. ಕಿರುಚೋಣವೆಂದರೆ ಅತ್ತೆ ನನ್ನ ಕೈ ಹಿಡಿದು, ಕೂಗಬೇಡ, ಮೆಲ್ಲಗೆ ಕರಿ ಅಂದರು. ಕರೆದೆ, ಒಂದೇ ಸಲ. ನಾಯಿ ನಿಂತಿತು.

"ನೋಡ್ತಾ ಅದಾ?"

"ನೋಡ್ತಾ ಅದೆ, ಅತ್ತೆ."

"ಯಾರ್ನ?"

"ನನ್ನೇ."

"ಅಂಗಾರೆ ಸೈ ಅನ್ನು. ನಡಿ ಮನೆಗೆ."

ಕರಿಯ ಬೊಗಳದೆ ನನ್ನ ಕಾಲಿಗೆ ಅಂಟಿಕೊಂಡು ಬಂತು. ಆನೆ ತನ್ನ ಪಾಡಿಗೆ ಅಲ್ಲೇ ನಿಂತಿತ್ತು. ದಿಂಬಂ ಮಾತನ್ನು ಯಜಮಾನರು ಆಮೇಲೆ ಎತ್ತಲಿಲ್ಲ. ಕರಿಯ ಮುದಿಯಾಗಿ ನಮ್ಮ ಜಗಲಿಯ ಮೇಲೇ ಸತ್ತಿತು. ಅತ್ತೆ ಅದಕ್ಕೂ ಮೊದಲೇ ಹೋಗಿದ್ದರು...

ಈಗ ಮನೆಯಲ್ಲಿ ಹೊಸ ಮರಿ ಇದೆ. ಸೀದ ರೊಟ್ಟಿಯ ಚೂರು ಮುಷ್ಟಿಯಲ್ಲಿ ಹಿಡಿದು ಜಗಲಿ ಮೇಲೆ ಕೂತೆ. ಮರಿ ನೆಕ್ಕಿತು, ಕಚ್ಚಿತು, ಕೊನೆಗೆ ಕತ್ತೆತ್ತಿ ಕಣ್ಣಲ್ಲಿ ಕಣ್ಣಿಟ್ಟಿತು.

"ನೋಡ್ತಾ ಅದೆ, ಅತ್ತೆ," ಅಂದುಬಿಟ್ಟೆ.

ಗೋಡೆಯಾಚೆಯಿಂದ ಅವರ ಸೊಸೆ ಕೇಳಿದಳು, ಏನಕ್ಕಾ ಅಂತ. ಏನಿಲ್ಲ ಬುಡವ್ವ ಅಂದು ಮುಷ್ಟಿ ಬಿಚ್ಚಿದೆ.