ಕಾಂತರಾಜುವಿನ ಎಡಗಿವಿ

ಕೆಂಗೇರಿ ಉಪನಗರದಲ್ಲಿ ಮನೆ ಕಟ್ಟಿಸಿದವರಲ್ಲಿ ಕಾಂತರಾಜುವಿನ ಅಂಗಡಿಗೆ ಕಾಲಿಡದವರು ಕಡಿಮೆ. ಜಲ್ಲಿ, ಎಂ-ಸ್ಯಾಂಡ್ ಮರಳು, ಸಿಮೆಂಟಿನ ಅಂಗಡಿ. ಅಪ್ಪ ಬೈರಪ್ಪ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ರಸ್ತೆ ಬದಿಯಲ್ಲಿ ಉಳಿದ ಒಂದು ತುಂಡು ಜಾಗದಲ್ಲಿ ಮಗ ಅದನ್ನು ಹಾಕಿಕೊಂಡ. ವಯಸ್ಸು ಐವತ್ತು ದಾಟಿದೆ, ಮೀಸೆ ಮಾತ್ರ ಇನ್ನೂ ಕಪ್ಪಗಿದೆ. ಹೇಗೆ ಕಪ್ಪಗಿದೆ ಎಂದು ಕೇಳುವುದು ಮರ್ಯಾದೆಯಲ್ಲ. ಬೆಳಿಗ್ಗೆ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಒಂದು ಚೂರು ಹತ್ತಿಯನ್ನು ಮಲ್ಲಿಗೆ ಅತ್ತರಿನಲ್ಲಿ ಅದ್ದಿ ಎಡಗಿವಿಯ ಮಡಿಕೆಗೆ ಸಿಕ್ಕಿಸಿಕೊಂಡು ಗಲ್ಲಾದ ಮುಂದೆ ಕೂತನೆಂದರೆ, ಸಿಮೆಂಟಿನ ಧೂಳಿನ ನಡುವೆಯೂ ಮನುಷ್ಯ ಮದುವೆ ಮನೆಯವನ ಹಾಗೆ ಘಮಘಮ ಅನ್ನುತ್ತಿದ್ದ. ಬೈರಪ್ಪನಿಗೂ ಅದೇ ಚಟವಿತ್ತು.

ಅಂಗಡಿ ಏನಿದ್ದರೂ ಹೊಟ್ಟೆಪಾಡಿಗೆ. ಅವನ ಜೀವವಿದ್ದದ್ದು ನಾಟಕದಲ್ಲಿ. ಹಳೇ ಊರಿನ ಗೆಳೆಯರೆಲ್ಲ ಸೇರಿ ವರ್ಷಕ್ಕೊಮ್ಮೆ ಪೌರಾಣಿಕ ನಾಟಕ ಆಡುತ್ತಾರೆ. ಪಾತ್ರಕ್ಕೆ ತಾವೇ ಕೈಯಿಂದ ದುಡ್ಡು ಹಾಕಿ, ಕಿರೀಟ, ಭುಜಕೀರ್ತಿ, ಗದೆ ಎಲ್ಲ ಬಾಡಿಗೆಗೆ ತಂದು, ಬೆಳಕು ಹರಿಯುವ ತನಕ ಕಂದಪದ್ಯ ಹಾಡಿ, ಮಾರನೆಯ ದಿನ ಕಟ್ಟಿದ ಗಂಟಲಲ್ಲೇ ವ್ಯಾಪಾರ ಮಾಡುವ ಮಂದಿ ಇವರು. ಕಾಂತರಾಜು ಇಷ್ಟು ವರ್ಷ ದ್ವಾರಪಾಲಕನಾಗಿ, ಮಂತ್ರಿಯಾಗಿ, ಒಮ್ಮೆ ಯಾರೂ ಸಿಗದೆ ಋಷಿಪತ್ನಿಯೂ ಆಗಿ ಸವೆದಿದ್ದ. ಈ ಸಲ ಕೊನೆಗೂ ರಾಜನ ಪಾತ್ರ ಸಿಕ್ಕಿತ್ತು. ರಾಜನೆಂದರೆ ಬರೀ ಮಾತಲ್ಲ, ರಾಶಿ ಹಾಡು.

ಹಾಡು ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು ಕರಿಬಸಪ್ಪ. ವಾರಕ್ಕೆರಡು ಸಂಜೆ ತಾಲೀಮು ಮಾಡಿಸಿ, ಉಳಿದ ದಿನಗಳಿಗೆಂದು ಹಾಡಿನ ಮಟ್ಟುಗಳನ್ನು ತಾವೇ ನುಡಿಸಿ ವಾಟ್ಸಪ್ಪಿನಲ್ಲಿ ಕಳಿಸುತ್ತಿದ್ದರು. ಕಾಂತರಾಜು ಅದನ್ನು ಗಿರಾಕಿಗಳ ಮುಂದೆಯೇ ಜೋರಾಗಿ ಹಾಕಿಕೊಂಡು ಕೇಳಿದ. ಮನೆಗೆ ಬಂದ ಮೇಲೂ ಕೇಳಿದ, ಸ್ನಾನದ ಮನೆಯಲ್ಲೂ ಕೇಳಿದ. ಹೆಂಡತಿ ವೆಂಕಟಲಕ್ಷ್ಮಮ್ಮ ದೀಪಾವಳಿಯವರೆಗೆ ತಡೆದಳು.

"ರೀ, ಕಿವಿಗೆ ಏನಾದ್ರೂ ಹಾಕ್ಕೊಂಡು ಕೇಳ್ರೀ. ಎದುರುಮನೆಯವರಿಗೆಲ್ಲ ನಿಮ್ಮ ಪಾತ್ರ ಬಾಯಿಪಾಠ ಆಗೋಗಿದೆ" ಎಂದಳು.

ಹಾಗೆ ಶುರುವಾಯಿತು ಇಯರ್‌ಫೋನಿನ ಕಥೆ. ಮೊದಲು ತಂದದ್ದು ವೈರಿಲ್ಲದ, ಹುಣಸೆಬೀಜದಷ್ಟು ಪುಟ್ಟ ಜೋಡಿ. ಅದರಲ್ಲಿ ಒಂದನ್ನೇ ಎಡಗಿವಿಗೆ ಹಾಕಿಕೊಳ್ಳುತ್ತಿದ್ದ. ಬಲಗಿವಿ ಗಿರಾಕಿಗಳಿಗೆ ಬೇಕಲ್ಲ. ಅಲ್ಲದೆ ಹಾಡು ಕಲಿಯುವವನಿಗೆ ಒಂದು ಕಿವಿಯಲ್ಲಿ ತನ್ನ ಸ್ವರ ತನಗೆ ಕೇಳಬೇಕು ಎಂದು ಮೇಷ್ಟ್ರೇ ಹೇಳಿದ್ದರು. ಒಂದು ದಿನ ಟಿಪ್ಪರ್ ಸುರಿದ ಎಂ-ಸ್ಯಾಂಡ್ ರಾಶಿಯ ಮುಂದೆ ನಿಂತು ರಾಜನ ಗತ್ತಿನಲ್ಲಿ ಕತ್ತು ಕೊಂಕಿಸಿದ್ದೇ ತಡ, ಕಿವಿಯದು ಜಾರಿ ರಾಶಿಯೊಳಗೆ ಬಿತ್ತು. ಆಳುಗಳು ಜರಡಿ ತಂದು ಮರಳೆಲ್ಲ ಸಾಣಿಸಿದರು. ಸಿಕ್ಕಿತು, ನಿಜ. ಆದರೆ ಅಂದಿನಿಂದ ಎಡಗಡೆಯ ಸದ್ದು ಬಾವಿಯೊಳಗಿಂದ ಬಂದ ಹಾಗೆ ಕೇಳತೊಡಗಿತು. ಮರಳು ಹೊಕ್ಕಿರಬೇಕು ಎಂದುಕೊಂಡು ಕತ್ತಿಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡ್ ತಂದ. ಅದರಲ್ಲೂ ಎಡ ಮಂಕು. ಅಗ್ಗದ ಮಾಲು, ಇನ್ನೇನಾಗುತ್ತೆ ಎಂದು ಕಂಪನಿಯವರಿಗೆ ಬಾಯಿ ತುಂಬ ಬೈದು, ಅದನ್ನೂ ಡ್ರಾಯರಿಗೆ ಹಾಕಿದ.

ತಾಲೀಮಿನಲ್ಲಿ ಎಡವಟ್ಟಾಗತೊಡಗಿದ್ದು ಆಮೇಲೆ. ಹಾರ್ಮೋನಿಯಂ ಇರುವುದು ರಾಜನ ಎಡಗಡೆಗೆ. ಕಾಂತರಾಜು ಒಂದು ಶ್ರುತಿಯಲ್ಲಿ ಎತ್ತಿಕೊಂಡು, ಹೋಗ್ತಾ ಹೋಗ್ತಾ ಇನ್ನೆಲ್ಲೋ ಹೋಗಿ ನಿಲ್ಲುತ್ತಿದ್ದ. ಮೇಷ್ಟ್ರು ತಿದಿ ಒತ್ತುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು.

"ಏನಪ್ಪಾ ರಾಜ, ನಾನಿಲ್ಲಿ ಹಾರ್ಮೋನಿಯಂ ನುಡಿಸ್ತಾ ಇದೀನಿ, ನೀನು ಯಾವ ಊರಲ್ಲಿ ಹಾಡ್ತಾ ಇದೀಯ?"

ಎಲ್ಲರೂ ನಕ್ಕರು. ಕಾಂತರಾಜುವೂ ನಕ್ಕ. ಆದರೆ ಅಪ್ಪ ನೆನಪಾದ. ಬೈರಪ್ಪನಿಗೆ ಕಿವಿ ಹೋದದ್ದೂ ಇದೇ ವಯಸ್ಸಿನಲ್ಲಿ, ಮೊದಲು ಹೋದದ್ದೂ ಎಡಗಿವಿಯೇ. ಎರಡು ಮೂರು ವರ್ಷದಲ್ಲಿ ಬಲಗಿವಿಯೂ ಅದರ ಹಿಂದೆಯೇ ಹೋಯಿತು. ಅವ್ವ ಹನುಮಕ್ಕ ಸಾಯುವವರೆಗೂ ಗಂಡನ ಜೊತೆ ಕೂಗಿ ಕೂಗಿಯೇ ಸಂಸಾರ ಮಾಡಿದಳು. ಅವರ ಮನೆಯ ಸಾರಿಗೆ ಉಪ್ಪು ಹೆಚ್ಚಾದದ್ದು ಇಡೀ ಬೀದಿಗೆ ತಿಳಿಯುತ್ತಿತ್ತು. ಕಿವುಡ ಬೈರಪ್ಪನ ಮಗ ಎಂದು ಊರವರು ರೇಗಿಸಿದ್ದು ಕಾಂತರಾಜುವಿಗೆ ಇನ್ನೂ ಮರೆತಿಲ್ಲ.

ಹೆದರಿದ ಮನುಷ್ಯ ಏನು ಮಾಡುತ್ತಾನೆ? ಯಾರಿಗೂ ಹೇಳುವುದಿಲ್ಲ. ಹೆಂಡತಿ ತರಕಾರಿಗೆ ಹೋದ ಹೊತ್ತಿನಲ್ಲಿ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಆರಿಸಿ, ಕಿವಿಗೆ ಬಿಟ್ಟುಕೊಂಡ. ಅಲ್ಲಿಯವರೆಗೆ ಅಷ್ಟಿಷ್ಟು ಕೇಳುತ್ತಿದ್ದದ್ದೂ ಇನ್ನಷ್ಟು ಮಂಕಾಯಿತು. ಆಗಲೂ ಅವನ ಮನಸ್ಸು ಒಂದೇ ಹಟ ಹಿಡಿದಿತ್ತು: ತಪ್ಪು ಇಯರ್‌ಫೋನಿನದು. ಒಳ್ಳೆಯದೊಂದು ಸಿಕ್ಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ.

ಕೆಂಗೇರಿಯಲ್ಲಾದರೆ ಗುರುತಿನವರು ಸಿಗುತ್ತಾರೆಂದು ಚಂದ್ರಾ ಲೇಔಟಿಗೆ ಸ್ಕೂಟರಿನಲ್ಲಿ ಹೋದ. ಅಲ್ಲಿ ಬಾಳೇಶನೆಂಬ ಬೆಳಗಾವಿ ಕಡೆಯವನದೊಂದು ಮೊಬೈಲ್ ಅಂಗಡಿಯಿತ್ತು. ಸಿಕ್ಕಿದ್ದನ್ನು ಕೊಟ್ಟು ಸಾಗಹಾಕುವ ಜಾತಿಯಲ್ಲ ಆತ, ಕೂರಿಸಿ ಮಾತಾಡಿಸಿದ.

"ದಿನಾ ಎಷ್ಟೊತ್ತು ಕೇಳ್ತೀರಿ ಸರ? ಹಾಡೇನು, ಫೋನೇನು?"

"ಹಾಡು. ಕಲಿಯೋಕೆ. ಅಂಗಡೀಲಿ ಕೂತು ದಿನವೆಲ್ಲ ಕೇಳ್ತೀನಿ."

"ಹಂಗಾದ್ರ ವೈರಿಂದ ತೊಗೊಳ್ರಿ. ಚಾರ್ಜಿನ ಚಿಂತಿ ಇಲ್ಲ, ಕಳಿಯೂದಿಲ್ಲ. ವೈರ್ ಇಲ್ಲದ್ದು ಚಂದ, ಖರೆ. ಆದ್ರ ಸದ್ದು ಒಂದ್ ಗಳಿಗಿ ತಡಾ ಬರ್ತದ. ವಿಡಿಯೋದಾಗ ಬೆರಳು ಮುಂದ, ಸ್ವರ ಹಿಂದ ಆಗ್ತದ. ಕಲಿಯೋರಿಗೆ ಕಿರಿಕಿರಿ."

ತುದಿಗೆ ಹಾಕುವ ರಬ್ಬರ್ ಟೋಪಿಗಳನ್ನು ಸಣ್ಣದು, ನಡುಗಾತ್ರದ್ದು, ದೊಡ್ಡದು ಎಂದು ಸಾಲಾಗಿ ಇಟ್ಟ. ಕಿವಿಗೆ ಸರಿಯಾಗಿ ಕೂರದಿದ್ದರೆ ಎಷ್ಟು ಬೆಲೆ ಕೊಟ್ಟರೂ ಅಷ್ಟೇ, ಸದ್ದು ಸೋರಿ ಹೋಗುತ್ತದೆ ಎಂದ. ಕಾಂತರಾಜು ಒಂದಾದ ಮೇಲೊಂದು ಹಾಕಿ ನೋಡಿದ. ಬಲಗಡೆ ಹಾರ್ಮೋನಿಯಂ ಗಿಣಿಯ ಹಾಗೆ ಮಾತಾಡುತ್ತಿತ್ತು. ಎಡಗಡೆ ಯಾರೋ ದೂರದಲ್ಲಿ ಗೊಣಗಿದಂತೆ. "ಇದೂ ಎಡ ಸರಿಯಿಲ್ಲ" ಎಂದ. ಇನ್ನೊಂದು ಕೊಟ್ಟರೆ, "ಇದೂ ಹಾಗೇ ಕಣಪ್ಪ" ಎಂದ. ಬಾಳೇಶ ಗಲ್ಲ ಕೆರೆದುಕೊಂಡ.

"ಒಂದ್ ಕೆಲಸ ಮಾಡ್ರಿ ಸರ. ಎಡಗಡೀದು ಬಲಕ್ಕ ಹಾಕೊಳ್ರಿ, ಬಲಗಡೀದು ಎಡಕ್ಕ. ಮಂಕು ಬಲಕ್ಕ ಹೋತಂದ್ರ ಮಾಲು ಕೆಟ್ಟದ."

ಹೋಗದಿದ್ದರೆ ಏನೆಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಈ ಪರೀಕ್ಷೆ ಕಾಂತರಾಜುವಿಗೆ ಎಂದೋ ಹೊಳೆದಿತ್ತು. ಮಾಡುವ ಧೈರ್ಯ ಬಂದಿರಲಿಲ್ಲ, ಅಷ್ಟೇ. ಈಗ ಬೇರೆಯವರ ಎದುರು ತಪ್ಪಿಸಿಕೊಳ್ಳುವ ಹಾಗಿಲ್ಲ. ಅದಲು ಬದಲು ಮಾಡಿಕೊಂಡ. ಮಂಕು ಇದ್ದಲ್ಲೇ ಇತ್ತು, ಎಡಗಿವಿಯಲ್ಲೇ.

"ಹೆಂಗದ ಸರ?"

"ಹಾಂ... ಈಗ ಸರಿಯಾಯ್ತು. ಕೊಟ್ಬಿಡಪ್ಪ ಇದನ್ನೇ" ಎಂದು ಸುಳ್ಳು ಹೇಳಿ ವೈರಿನದನ್ನು ಕಟ್ಟಿಸಿಕೊಂಡು ಹೊರಬಿದ್ದ. ಸ್ಕೂಟರಿನ ಮೇಲೆ ಕೂತವನಿಗೆ ಕೀಲಿ ತಿರುಗಿಸಲು ಕೈ ಬರಲಿಲ್ಲ. ಪಕ್ಕದ ದರ್ಶಿನಿಯ ಮುಂದೆ ಕಾಫಿ ಹಿಡಿದು ನಿಂತ ಜನ ನಗುನಗುತ್ತ ಮಾತಾಡುತ್ತಿದ್ದರು. ಅವರ ಮಾತಿನಲ್ಲಿ ಅರ್ಧ ತನಗೆ ಈಗಲೇ ಕೇಳುತ್ತಿಲ್ಲವೇನೋ ಅನ್ನಿಸಿತು.

ಅಂದು ಸಂಜೆ ತಾಲೀಮಿಗೆ ಎಲ್ಲರಿಗಿಂತ ಮೊದಲೇ ಹೋಗಿ ಮೇಷ್ಟ್ರ ಮುಂದೆ ಕೂತ.

"ಮೇಷ್ಟ್ರೇ, ರಾಜನ ಪಾತ್ರ ಬೇರೆಯವರಿಗೆ ಕೊಟ್ಬಿಡಿ. ನನ್ನ ಕೈಲಾಗಲ್ಲ."

"ಯಾಕೋ?"

"ಎಡಗಿವಿ ಹೋಗ್ತಾ ಇದೆ. ನಮ್ಮಪ್ಪಂದು ಹೋದ ಹಾಗೇ" ಎಂದ. ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಕರಿಬಸಪ್ಪ, "ಡಾಕ್ಟರ್ ಹಂಗಂದ್ರಾ?" ಎಂದರು.

"ಡಾಕ್ಟರ್ ಹತ್ರ ಹೋಗಿಲ್ಲ."

"ಮತ್ತೆ ನೀನೇ ಡಾಕ್ಟ್ರಾ? ನಾಳೆ ಹೋಗಿ ತೋರಿಸ್ಕೊಂಡು ಬಾ. ಅಲ್ಲೀವರೆಗೂ ಪಾತ್ರ ನಿಂದೇ. ಈಗ ಎದ್ದು ನಿನ್ನ ಬಲಗಿವಿ ನನ್ನ ಕಡೆ ಬರೋ ಹಾಗೆ ಕೂತ್ಕೊ, ಮೊದಲನೇ ಕಂದ ಎತ್ಕೊ."

ಮಾರನೆಯ ದಿನ ಬಸವೇಶ್ವರನಗರದಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ್ ರಾಗಿಣಿಯ ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಂತರಾಜು ಕೂತಿದ್ದ. ಹೆಂಡತಿಗೆ ಸಿಮೆಂಟ್ ಏಜೆನ್ಸಿಗೆ ಹೋಗಿಬರ್ತೀನಿ ಎಂದು ಹೇಳಿ ಬಂದಿದ್ದ. ಒಳಗೆ ಕರೆದಾಗ ಅಪ್ಪನ ಕಥೆಯಿಂದ ಶುರುಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಅವರು ಹಣೆಯ ದೀಪ ಹಚ್ಚಿಕೊಂಡು, ಕಿವಿಯನ್ನು ಮೇಲಕ್ಕೆಳೆದು ಒಳಗೆ ನೋಡಿದರು. ನೋಡುತ್ತಲೇ ಇದ್ದರು. ಕಾಂತರಾಜು ಮನೆದೇವರನ್ನು ನೆನೆಯತೊಡಗಿದ.

"ಅಂಕಲ್, ಕಿವಿಗೆ ಹತ್ತಿ ಇಟ್ಕೋತೀರಾ?"

"ಅತ್ತರಿಂದು. ಮೇಲ್ಗಡೆ ಮಡಿಕೇಲಿ. ಬೀಳ್ತಿರುತ್ತೆ, ಮತ್ತೆ ಹೊಸದು ಇಟ್ಕೋತೀನಿ."

"ಬೀಳ್ತಾ ಇರ್ಲಿಲ್ಲ" ಎಂದರು ರಾಗಿಣಿ. "ಅದರ ಮೇಲೇ ಇಯರ್‌ಫೋನ್ ಹಾಕ್ಕೊಂಡು ಒಳಕ್ಕೆ ತಳ್ತಾ ಇದ್ರಿ. ಅಲ್ಲಾಡ್ಬೇಡಿ ಈಗ."

ಸಣ್ಣ ಚಿಮಟ ಒಳಗೆ ಹೋಯಿತು. ಕಂದುಬಣ್ಣದ, ಎಣ್ಣೆ ಕುಡಿದು ಉಬ್ಬಿದ ಒಂದು ಉಂಡೆ ಹೊರಬಂತು. ಅದರ ಹಿಂದೆಯೇ ಇನ್ನೊಂದು, ಗುಗ್ಗೆಯಲ್ಲಿ ಮೆತ್ತಿಕೊಂಡದ್ದು. ಕೋಣೆ ತುಂಬ ಮಲ್ಲಿಗೆಯೂ ಬೆಳ್ಳುಳ್ಳಿಯೂ ಬೆರೆತ ಒಂದು ವಿಚಿತ್ರ ವಾಸನೆ ಹರಡಿತು. ರಾಗಿಣಿ ನಗು ತಡೆಯಲು ನೋಡಿದರು, ಆಗಲಿಲ್ಲ. "ಒಗ್ಗರಣೇನೂ ಹಾಕಿದೀರ" ಎಂದು ಮುಖ ತಿರುಗಿಸಿಕೊಂಡು ನಕ್ಕರು.

ಕಾಂತರಾಜುವಿಗೆ ನಗು ಬರಲಿಲ್ಲ, ಕೋಪವೂ ಬರಲಿಲ್ಲ. ಫ್ಯಾನಿನ ಸದ್ದು ಎಡಗಡೆಯಿಂದ ಬರುತ್ತಿತ್ತು. ಹೊರಗೆ ಆಟೋದವನೊಬ್ಬ ಯಾರಿಗೋ ಬೈಯುತ್ತಿದ್ದ. ಆ ಬೈಗುಳ ಅಕ್ಷರ ಅಕ್ಷರವಾಗಿ ಎಡಗಿವಿಗೆ ಬಂದು ಬಿತ್ತು. ಬೈಗುಳ ಅಷ್ಟು ಇಂಪಾಗಿ ಅವನಿಗೆ ಹಿಂದೆಂದೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತು, ಒರೆಸಿಕೊಳ್ಳಲೂ ಹೋಗಲಿಲ್ಲ. ಪಕ್ಕದ ಕೋಣೆಯಲ್ಲಿ ಕೂರಿಸಿ ಸದ್ದಿನ ಪರೀಕ್ಷೆಯನ್ನೂ ಮಾಡಿದರು. ಎರಡೂ ಕಿವಿ ಚೆನ್ನಾಗಿಯೇ ಇದ್ದವು.

"ನಿಮ್ಮ ತಂದೆಯವರಿಗೆ ಯಾಕೆ ಹೋಯ್ತೋ ಈಗ ಹೇಳೋಕಾಗಲ್ಲ. ನಿಮಗೇನೂ ಆಗಿಲ್ಲ. ಅತ್ತರು ಬೇಕಂದ್ರೆ ಅಂಗಿಗೆ ಹಚ್ಕೊಳ್ಳಿ. ಕಿವಿಗೆ ಎಣ್ಣೆ ಬೇಡ. ಇಯರ್‌ಫೋನಿಗೆ ಸಣ್ಣ ತುದಿ ಹಾಕಿ, ಸದ್ದು ಕಮ್ಮಿ ಇಡಿ" ಎಂದರು. ಕಾಂತರಾಜು ಪ್ರತಿ ಮಾತಿಗೂ ತಲೆಯಾಡಿಸಿದ. ನಾಳೆಯಿಂದ ತಲೆಕೆಳಗಾಗಿ ನಡೀರಿ ಎಂದಿದ್ದರೂ ಆಡಿಸುತ್ತಿದ್ದ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೇ ಕೂತು ಬಾಳೇಶ ಕೊಟ್ಟ ವೈರನ್ನು ಫೋನಿಗೆ ಸಿಕ್ಕಿಸಿದ. ಹಾರ್ಮೋನಿಯಂ ಎರಡೂ ಕಡೆಯಿಂದ ಸಮಸಮವಾಗಿ ಬಂದು ತಲೆಯ ನಡುವೆ ಕೂಡಿತು. ಇದನ್ನೇ ಇಟ್ಟುಕೊಳ್ಳುವುದೆಂದು ಅಲ್ಲೇ ತೀರ್ಮಾನ ಮಾಡಿದ. ಡ್ರಾಯರಿನಲ್ಲಿ ಬಿದ್ದಿದ್ದವೂ ಪಾಪ, ಕೆಟ್ಟಿರಲಿಲ್ಲ, ಸುಮ್ಮಸುಮ್ಮನೆ ಬೈಸಿಕೊಂಡಿದ್ದವು. ಮೇಷ್ಟ್ರಿಗೆ ಫೋನು ಮಾಡಿ, "ಪಾತ್ರ ಯಾರಿಗೂ ಕೊಡ್ಬೇಡಿ ಮೇಷ್ಟ್ರೇ" ಎಂದ. "ಕೊಟ್ಟಿದ್ನೇನೋ?" ಎಂದು ಅವರು ಇಟ್ಟರು.

ಸಂಜೆ ಮನೆಗೆ ಬಂದಾಗ ವೆಂಕಟಲಕ್ಷ್ಮಮ್ಮ ಟಿವಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಕಾಂತರಾಜು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ಅವಳು ನಗುತ್ತಾಳೆಂದುಕೊಂಡಿದ್ದ. ನಗಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಂಗೊತ್ತಿತ್ತು."

"ಏನು ಗೊತ್ತಿತ್ತು?"

"ನಿಮಗೆ ಆ ಕಡೆ ಕೇಳಿಸ್ತಿಲ್ಲ ಅಂತ. ಕರೆದ್ರೆ ತಿರುಗ್ತಿರ್ಲಿಲ್ಲ. ಅದಕ್ಕೇ ಎಲ್ಲದಕ್ಕೂ ನಿಮ್ಮ ಬಲಗಡೇಗೇ ಬರ್ತಾ ಇದ್ದೆ. ಊಟಕ್ಕೆ ಕೂತ್ರೂ, ಮಲಗಿದ್ರೂ."

ಕಾಂತರಾಜು ತನ್ನ ಬಲಗಡೆ ಕೂತಿದ್ದ ಹೆಂಡತಿಯನ್ನು ನೋಡಿದ. "ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಜ ಆಗ್ಬಿಡುತ್ತೆ ಅಂತ ಭಯ. ಅತ್ತೇನ ನೋಡಿದೀನಲ್ಲ ನಾನು. ಮಾವಂಗೆ ಕಿವಿ ಹೋದ್ಮೇಲೆ ಅನ್ನ ಬೇಕಾ, ಮಾತ್ರೆ ತಗೊಂಡ್ರಾ, ಅಷ್ಟನ್ನೇ ಕೂಗೋರು. ಮೆಲ್ಲಗೆ ಹೇಳೋ ಮಾತೆಲ್ಲ ನಿಂತೇಹೋಯ್ತು. ಅವನ್ನೆಲ್ಲ ಅಡುಗೆಮನೇಲಿ ನನ್ಹತ್ರ ಹೇಳ್ಕೊಂಡು ಅಳೋರು. ಇನ್ಮೇಲೆ ನಾನು ಯಾರ ಹತ್ರ ಹೇಳ್ಕೊಳ್ಳಿ ಅಂತ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಕಾಂತರಾಜು ಮೊರದಿಂದ ಒಂದು ಅವರೆಕಾಯಿ ತೆಗೆದುಕೊಂಡು ಬಿಡಿಸತೊಡಗಿದ. ವೆಂಕಟಲಕ್ಷ್ಮಮ್ಮ ಎದ್ದಳು. ಮೊರ ಎತ್ತಿಕೊಂಡು, ಅವನ ಹಿಂದಿನಿಂದ ಸುತ್ತಿ ಬಂದು, ಎಡಗಡೆಗೆ ಕೂತಳು. ಟಿವಿಯಲ್ಲಿ ಯಾರೋ ಜೋರಾಗಿ ಜಗಳವಾಡುತ್ತಿದ್ದರು.

"ಬಲಗಡೆ ಮಲಗಿದ್ರೆ ಫ್ಯಾನ್ ಗಾಳೀನೇ ಬರ್ತಿರ್ಲಿಲ್ಲ ನಂಗೆ" ಎಂದಳು, ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಕಾಂತರಾಜು ಎದ್ದು ಹೋಗಿ ಟಿವಿ ಆರಿಸಿ, ಬಂದು ಅದೇ ಜಾಗದಲ್ಲಿ ಕೂತ.

"ಇನ್ನೊಂದ್ಸಲ ಹೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ ಹೇಳು ಅಂದಿದ್ದು."